ಬೆಂಗಳೂರಿನಿಂದ ಮಂಗಳೂರಿಗೆ ನೇರ ದೂರ ಎಷ್ಟು?

ಶಿರಾಡಿ ಘಾಟಿಯ ಮೂಲಕ ಹೋದರೆ ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ದೇವನಹಳ್ಳಿ ಬಳಿಯ ವಿಮಾನ ನಿಲ್ದಾಣದಿಂದ ಬಜ್ಪೆಯ ನಿಲ್ದಾಣಕ್ಕೆ ವಾಯುಮಾರ್ಗದ ದೂರ ಸುಮಾರು 306. ರಾತ್ರಿ ಬಸ್ಸಿನಲ್ಲಿ ಘಟ್ಟ ಇಳಿದವರಿಗೆ ಈ ವ್ಯತ್ಯಾಸ ತೀರಾ ಕಡಿಮೆ ಎನಿಸಬಹುದು. ಘಟ್ಟ ನುಂಗುವುದು ಹೆಚ್ಚಾಗಿ ಸಮಯವನ್ನು. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿಲೋಮೀಟರ್ ರೈಲು ಹಳಿ 57 ಸುರಂಗಗಳನ್ನು ಹಾದು, ಪ್ರತಿ 50 ಮೀಟರಿಗೆ ಒಂದು ಮೀಟರಿನಷ್ಟು ಇಳಿಯುತ್ತದೆ. ಅಲ್ಲಿ ರೈಲು ತೆವಳಲೇಬೇಕು.

306 ಎಂಬುದು ಭೂಮಿಯ ಮೈಗುಂಟ ಎಳೆದ ಕಮಾನಿನ ಉದ್ದ. ಭೂಮಿಯ ಕೇಂದ್ರವನ್ನೇ ತನ್ನ ಕೇಂದ್ರವಾಗಿಸಿಕೊಂಡ ಮಹಾವೃತ್ತದ ಒಂದು ತುಣುಕು ಅದು. ಗೋಳದ ಮೇಲೆ ಅದಕ್ಕಿಂತ ಹತ್ತಿರದ ದಾರಿ ಇಲ್ಲ. ದಿಕ್ಸೂಚಿಯ ಒಂದೇ ದಿಕ್ಕು ಹಿಡಿದು ಪಶ್ಚಿಮಕ್ಕೆ ಸಾಗುವ ದಾರಿಗೆ ಹೋಲಿಸಿದರೆ ಈ ಕಮಾನು ನಡುವೆ ಸುಮಾರು 400 ಮೀಟರ್ ಉತ್ತರಕ್ಕೆ ಬಾಗುತ್ತದೆ, ಉಳಿಸುವುದು ಎರಡು ಮೀಟರಿಗೂ ಕಡಿಮೆ. ಆದರೆ ದೂರ ಬೆಳೆದಂತೆ ಇದೇ ಗಣಿತ ಬೆರಗು ಹುಟ್ಟಿಸುತ್ತದೆ: 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ತಡೆರಹಿತವಾಗಿ ಬಂದ ಏರ್ ಇಂಡಿಯಾದ ಮೊದಲ ವಿಮಾನ ನೇರ ಲೆಕ್ಕದಲ್ಲಿ ಸುಮಾರು 14,000 ಕಿಲೋಮೀಟರ್ ಆಗುವ ದೂರವನ್ನು ಉತ್ತರ ಧ್ರುವದ ಮೇಲೆ ಹಾದು ಕ್ರಮಿಸಿತು.

ಕಮಾನಿನ ಬದಲು ನೆಲದೊಳಗೆ ಸರಳರೇಖೆಯನ್ನೇ ಎಳೆದರೆ? ಎರಡೂ ತುದಿ ಸಮುದ್ರಮಟ್ಟದಲ್ಲಿವೆ ಎಂದುಕೊಂಡರೆ, ಆ ರೇಖೆ ನಡುದಾರಿಯಲ್ಲಿ ಸುಮಾರು 1.8 ಕಿಲೋಮೀಟರ್ ಆಳದಲ್ಲಿರುತ್ತದೆ. ಕುದುರೆಮುಖ ಶಿಖರದ ಎತ್ತರ 1,892 ಮೀಟರ್. ನಮ್ಮ ಎರಡು ಊರುಗಳ ನಡುವೆ ಭೂಮಿ ಹೆಚ್ಚುಕಡಿಮೆ ಒಂದು ಕುದುರೆಮುಖದಷ್ಟು ಉಬ್ಬಿದೆ ಎಂಬುದು ನನಗೆ ಎಂದೂ ಹಳತಾಗದ ವಿಸ್ಮಯ.

ಇಂಥ ಅಂಕಿಗಳು ಸುಲಭಕ್ಕೆ ದಕ್ಕಿದವಲ್ಲ. ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಬಳಿ ಏಳೂವರೆ ಮೈಲಿ ಉದ್ದದ ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆದು, ಕೋನ ಅಳೆಯುವ, ಅರ್ಧ ಟನ್ ತೂಕದ ಥಿಯೋಡಲೈಟ್ ಉಪಕರಣವನ್ನು ಹೊರಿಸಿಕೊಂಡು, ತ್ರಿಕೋನಕ್ಕೆ ತ್ರಿಕೋನ ಜೋಡಿಸುತ್ತಾ ಮಂಗಳೂರಿನ ಕಡಲತೀರದವರೆಗೆ ಮೋಜಣಿ ನಡೆಸಿದ. ಒಂದು ಬದಿ ಮತ್ತು ಕೋನಗಳು ತಿಳಿದರೆ ಉಳಿದ ಬದಿಗಳು ಲೆಕ್ಕದಿಂದಲೇ ಸಿಗುತ್ತವೆ. ಹಳೆಯ ನಕ್ಷೆಗಳಲ್ಲಿ ಸುಮಾರು 400 ಮೈಲಿ ಇದ್ದ, ಮದ್ರಾಸಿನಿಂದ ಮಂಗಳೂರಿನವರೆಗಿನ ಪರ್ಯಾಯ ದ್ವೀಪದ ಅಗಲ 360 ಮೈಲಿಗೆ ಇಳಿಯಿತು!

ಇಷ್ಟೆಲ್ಲ ಆದರೂ ವಿಮಾನ ಹಾರುವುದು ಸರಿಯಾಗಿ 306 ಕಿಲೋಮೀಟರ್ ಅಲ್ಲ. ಏಳು ಕಿಲೋಮೀಟರ್ ಎತ್ತರದಲ್ಲಿ ಕಮಾನು ಹಿಗ್ಗುವುದು ಸುಮಾರು 330 ಮೀಟರ್ ಮಾತ್ರ; ದೊಡ್ಡ ವ್ಯತ್ಯಾಸ ಮಾಡುವುದು ಗಾಳಿ. ವಿಮಾನ ಏರುವುದೂ ಇಳಿಯುವುದೂ ಸಾಮಾನ್ಯವಾಗಿ ಗಾಳಿಗೆ ಎದುರಾಗಿ. ಬೆಂಗಳೂರಿನ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ಮುಂಗಾರಿನ ಪಶ್ಚಿಮ ಗಾಳಿಯಲ್ಲಿ ವಿಮಾನ ಮಂಗಳೂರಿನತ್ತಲೇ ಮುಖಮಾಡಿ ನೆಲ ಬಿಡುತ್ತದೆ. ಮೂಡಣ ಗಾಳಿಯ ದಿನಗಳಲ್ಲಿ ಮೊದಲು ಕೋಲಾರದ ದಿಕ್ಕಿಗೆ ಏರಿ, ಆಮೇಲೆ ತಿರುಗಿಕೊಳ್ಳಬೇಕು. ಬಜ್ಪೆಯ 2,450 ಮೀಟರ್ ರನ್‌ವೇ ಇರುವುದು ಗುಡ್ಡದ ನೆತ್ತಿಯಲ್ಲಿ, ಅಂಚಿನಾಚೆ ಕಣಿವೆ. ಅಲ್ಲಿ ಸಮುದ್ರದ ಕಡೆಯಿಂದ ಇಳಿಯಬೇಕಾದರೆ ಊರು ದಾಟಿ ಹೋಗಿ ಮರಳಿ ಬರಬೇಕು. ಮಳೆಗಾಲದಲ್ಲಿ ಮೋಡ ಕವಿದು ರನ್‌ವೇ ಕಾಣದಿದ್ದರೆ ಆಕಾಶದಲ್ಲೇ ಸುತ್ತುತ್ತಾ ಕಾಯುವುದೂ ಉಂಟು. ಅದಕ್ಕೇ ಹೊರಡುವ ಮುನ್ನ ಮಂಗಳೂರು ತಲುಪಲು ಬೇಕಾದ ಇಂಧನದ ಜೊತೆಗೆ, ಅಲ್ಲಿಂದ ಇನ್ನೊಂದು ನಿಲ್ದಾಣಕ್ಕೆ ಹೋಗಲು ಬೇಕಾದಷ್ಟನ್ನೂ, ಅದರ ಮೇಲೆ ಜೆಟ್ ವಿಮಾನವಾದರೆ ಅರ್ಧ ಗಂಟೆ ಹಾರುವಷ್ಟನ್ನೂ ತುಂಬಿಸಿಕೊಳ್ಳುತ್ತಾರೆ.