ಮೊದಲು ಗುಂಡಿನ ಉದ್ದ, ಆಮೇಲೆ ಬ್ಯಾರೆಲ್

ಗುರಿ ಹಲಗೆಗೆ ಅಂಟಿಸಿದ ಕಾಗದದಲ್ಲಿ ದುಂಡನೆಯ ತೂತು ಬೀಳಬೇಕು. ಅದರ ಬದಲು ಉದ್ದನೆಯ ತೂತು ಬಿದ್ದು, ಗುಂಡಿನ ಪಕ್ಕದ ಆಕಾರವೇ ಅಚ್ಚೊತ್ತಿದಂತೆ ಮೂಡಿದ್ದರೆ, ಗುಂಡು ಅಡ್ಡ ತಿರುಗಿ ಬಂದಿದೆ ಎಂದು ಅರ್ಥ. ಶೂಟಿಂಗ್ ಮಾಡುವವರು ಇದನ್ನು ‘ಕೀಹೋಲ್’ ಅನ್ನುತ್ತಾರೆ. ಎಷ್ಟೋ ಸಲ ರೈಫಲ್ಲೂ ಚೆನ್ನಾಗಿರುತ್ತದೆ, ಗುಂಡೂ ಚೆನ್ನಾಗಿರುತ್ತದೆ. ಜೋಡಿ ಮಾತ್ರ ಕೂಡಿರುವುದಿಲ್ಲ.

ಬಾಣ ಯಾಕೆ ಹೀಗೆ ಮಗುಚುವುದಿಲ್ಲ? ಅದಕ್ಕೆ ಹಿಂದೆ ಗರಿ ಇದೆ. ಗಾಳಿ ಗರಿಯನ್ನು ಹಿಂದಕ್ಕೆ ಎಳೆದು ಬಾಣವನ್ನು ನೆಟ್ಟಗೆ ಇಡುತ್ತದೆ. ಗುಂಡಿಗೆ ಗರಿ ಇಲ್ಲ. ಅದರ ಭಾರ ಹಿಂಭಾಗದಲ್ಲಿ ಜಾಸ್ತಿ, ಗಾಳಿಯ ಒತ್ತಡ ಮೂತಿಯ ಕಡೆ ಜಾಸ್ತಿ. ಒಂಚೂರು ವಾಲಿದರೂ ಸಾಕು, ಗಾಳಿ ಅದನ್ನು ಇನ್ನಷ್ಟು ಮಗುಚಲು ನೋಡುತ್ತದೆ. ಇದಕ್ಕೆ ಮದ್ದು ಬುಗುರಿಯ ಉಪಾಯ. ಸುಮ್ನೆ ನಿಲ್ಲಿಸಿದ ಬುಗುರಿ ಉರುಳುತ್ತದೆ, ತಿರುಗುವ ಬುಗುರಿ ನಿಲ್ಲುತ್ತದೆ ಅಲ್ವಾ? ಬ್ಯಾರೆಲ್ ಒಳಗೆ ಸುರುಳಿಯಾಗಿ ಕೊರೆದ ಗೀರುಗಳು ಗುಂಡನ್ನು ಹಾಗೆ ತಿರುಗಿಸಿ ಕಳಿಸುತ್ತವೆ.

ಈ ಸುರುಳಿಯ ಅಳತೆಯೇ ಟ್ವಿಸ್ಟ್ ರೇಟ್. 1:10 ಅಂದರೆ 10 ಇಂಚು ಸಾಗುವಷ್ಟರಲ್ಲಿ ಒಂದು ಸುತ್ತು. ಎರಡನೆಯ ಅಂಕಿ ಚಿಕ್ಕದಾದಷ್ಟೂ ಸುತ್ತು ಬಿರುಸು. ಹೊಸಬರು ಇಲ್ಲೇ ತಲೆಕೆಳಗು ಮಾಡಿಕೊಳ್ಳುತ್ತಾರೆ. ಸೆಕೆಂಡಿಗೆ 3,000 ಅಡಿ ವೇಗದಲ್ಲಿ 1:10 ಬ್ಯಾರೆಲ್‌ನಿಂದ ಹೊರಟ ಗುಂಡು ನಿಮಿಷಕ್ಕೆ 2,16,000 ಸುತ್ತಿನ ಲೆಕ್ಕದಲ್ಲಿ ತಿರುಗುತ್ತಿರುತ್ತದೆ!

ಎಷ್ಟು ಸುತ್ತು ಬೇಕು? ‘ಭಾರದ ಗುಂಡಿಗೆ ಬಿರುಸು ಸುತ್ತು’ ಎಂಬ ಮಾತಿದೆ. ಅದು ಅರ್ಧ ನಿಜ. ಮುಖ್ಯವಾಗಿ ಲೆಕ್ಕಕ್ಕೆ ಬರುವುದು ಉದ್ದ. ಬ್ರಿಟನ್ನಿನ ಗಣಿತಜ್ಞ ಆಲ್ಫ್ರೆಡ್ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ಕೊಟ್ಟ ಸೂತ್ರ ಸರಳವಾಗಿದೆ: ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ, ಉದ್ದದಿಂದ ಭಾಗಿಸಿ. ಎಲ್ಲವೂ ಇಂಚಿನಲ್ಲಿ. ವ್ಯಾಸ 0.308 ಇಂಚು, ಉದ್ದ 1.2 ಇಂಚು ಇದ್ದರೆ ಉತ್ತರ ಸುಮಾರು 12. ಅಂದರೆ 1:12. ಉದ್ದ 1.4 ಇಂಚಾದರೆ 1:10 ಬೇಕು. ಇದು ಒರಟು ಲೆಕ್ಕ, ಸೀಸದ ಗುಂಡಿನದು. ತಾಮ್ರ ಸೀಸಕ್ಕಿಂತ ಹಗುರ. ಹಾಗಾಗಿ ಅಷ್ಟೇ ವ್ಯಾಸ, ಅಷ್ಟೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದ ಇರುತ್ತದೆ. ಸೀಸದ ಗುಂಡನ್ನು ಚೆನ್ನಾಗಿ ಹೊಡೆಯುವ ಹಳೆಯ ರೈಫಲ್ ತಾಮ್ರದ ಗುಂಡಿಗೆ ಕೈಕೊಡಬಹುದು.

1955ರಲ್ಲಿ ಅಮೆರಿಕದಲ್ಲಿ ಒಂದೇ ವ್ಯಾಸದ ಗುಂಡಿನ ಎರಡು ಕಾಡತೂಸುಗಳು ಬಂದವು, ಹೆಸರಿನ ಅಂಕಿ ಮಾತ್ರ ಬೇರೆ. ವಿಂಚೆಸ್ಟರ್‌ನವರ .243ಕ್ಕೆ 1:10 ಬ್ಯಾರೆಲ್. ರೆಮಿಂಗ್ಟನ್‌ನವರ .244ಕ್ಕೆ 1:12. ಸಣ್ಣ ಪ್ರಾಣಿಗೆ ಹಗುರ ಗುಂಡು, ಜಿಂಕೆಗೆ 100 ಗ್ರೇನ್ (ಸುಮಾರು 6.5 ಗ್ರಾಂ) ತೂಕದ ಗುಂಡು, ಎರಡಕ್ಕೂ ಒಂದೇ ರೈಫಲ್ ಸಾಲಬೇಕು ಎಂಬುದು ಬೇಟೆಗಾರರ ಆಸೆ. ಉದ್ದನೆಯ 100 ಗ್ರೇನ್ ಗುಂಡುಗಳಿಗೆ 1:12 ಸಾಲದು. ಜನ .243 ಕಡೆ ವಾಲಿದರು. ರೆಮಿಂಗ್ಟನ್ ಬ್ಯಾರೆಲ್ಲನ್ನು 1:9ಕ್ಕೆ ಬದಲಿಸಿ, 1963ರಲ್ಲಿ ಅದೇ ಕಾಡತೂಸನ್ನು 6 ಎಂಎಂ ರೆಮಿಂಗ್ಟನ್ ಎಂಬ ಹೆಸರಲ್ಲಿ ಮತ್ತೆ ತಂದಿತು. ಅಷ್ಟರಲ್ಲಿ .243 ಮನೆಮಾತಾಗಿತ್ತು. ಒಳ್ಳೆಯ ಕಾಡತೂಸೊಂದು ಗೀರಿನ ಓರೆಯಿಂದ ಹಿಂದೆ ಬಿತ್ತಲ್ಲ ಎಂದು ನನಗೆ ಇವತ್ತಿಗೂ ಬೇಜಾರು.

ಚಳಿಯೂ ಇದರಲ್ಲಿ ಕೈಯಾಡಿಸುತ್ತದೆ. ತಣ್ಣನೆಯ ಗಾಳಿ ದಟ್ಟ, ಗುಂಡನ್ನು ಹೆಚ್ಚು ಮಗುಚುತ್ತದೆ. ಬೇಸಿಗೆಯಲ್ಲಿ ಸುತ್ತು ಹೇಗೋ ಸಾಕಾಗುತ್ತಿದ್ದ ಜೋಡಿ ಕೊರೆಯುವ ಚಳಿಗಾಲದಲ್ಲಿ ತಪ್ಪಬಹುದು. ಹಾಗಾಗಿ ಅನುಮಾನವಿದ್ದರೆ ಸ್ವಲ್ಪ ಬಿರುಸು ಸುತ್ತನ್ನೇ ಆರಿಸಿ. ಆದರೆ ತೆಳು ಕವಚದ ಹಗುರ ಗುಂಡುಗಳು ಅತಿ ಸುತ್ತಿಗೆ ಗಾಳಿಯಲ್ಲೇ ಒಡೆಯುವುದುಂಟು. ದಪ್ಪ ಕವಚದ ಬೇಟೆ ಗುಂಡಿಗೆ ಆ ಭಯ ಕಡಿಮೆ.

ಕೈಯಲ್ಲಿರುವ ರೈಫಲ್‌ನ ಟ್ವಿಸ್ಟ್ ಗೊತ್ತಿಲ್ಲವೇ? ಖಾಲಿ ಇದೆ ಎಂದು ಎರಡು ಸಲ ನೋಡಿ, ಬೋಲ್ಟ್ (ಬ್ಯಾರೆಲ್ಲಿನ ಹಿಂಬದಿಯನ್ನು ಮುಚ್ಚುವ ಭಾಗ) ಹೊರಗೆ ತೆಗೆಯಿರಿ. ಶುಚಿ ಮಾಡುವ ಸರಳಿನ ತುದಿಗೆ ಬಿಗಿಯಾಗಿ ಬಟ್ಟೆ ಸುತ್ತಿ ಒಳಗೆ ತಳ್ಳಿ. ಸರಳಿನ ಮೇಲ್ಮೈಯಲ್ಲಿ ಪೆನ್ನಿನಿಂದ ಒಂದು ಗುರುತು ಹಾಕಿ, ಹಿಡಿಯನ್ನು ತಿರುಗಲು ಬಿಟ್ಟು ನಿಧಾನವಾಗಿ ಒತ್ತಿ. ಗೀರು ಬಟ್ಟೆಯನ್ನು ಹಿಡಿದು ಸರಳನ್ನು ತಾನಾಗಿ ತಿರುಗಿಸುವುದು ಕೈಗೇ ತಿಳಿಯುತ್ತದೆ. ಗುರುತು ಒಂದು ಸುತ್ತು ಹಾಕಿ ಮತ್ತೆ ಮೇಲೆ ಬರುವಷ್ಟರಲ್ಲಿ ಸರಳು ಎಷ್ಟು ಇಂಚು ಒಳಗೆ ಹೋಯಿತೋ, ಅದೇ ಆ ಬ್ಯಾರೆಲ್ಲಿನ ಟ್ವಿಸ್ಟ್.