ಉಪ್ಪು ನೀರಿಗೂ ಅಡಿ ಲೆಕ್ಕ ಇದೆ

ಮಳೆಗಾಲದಲ್ಲಿ ಹಿರಿಯೂರಿನ ಯಾವ ಟೀ ಅಂಗಡಿಯಲ್ಲಿ ಕೂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: 'ಡ್ಯಾಮು ಎಷ್ಟು ಅಡಿ ಆಯ್ತಂತೆ?' ವಾಣಿವಿಲಾಸ ಸಾಗರ 130 ಅಡಿ ತುಂಬಿದರೆ ಕೋಡಿ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಈ ಅಡಿ ನೋಡಿಕೊಂಡೇ ತೋಟದವರು ಮುಂದಿನ ಬೇಸಿಗೆಯ ಲೆಕ್ಕ ಹಾಕುತ್ತಾರೆ.

ಹವಾಮಾನ ಬದಲಾವಣೆ ಬಗ್ಗೆ ಕರಾವಳಿಯವರಿಗೆ ಹೇಳುವಾಗ ಮಾತ್ರ 'ಸಮುದ್ರ ವರ್ಷಕ್ಕೆ 3.7 ಮಿಲಿಮೀಟರ್ ಏರುತ್ತಿದೆ' ಅನ್ನುತ್ತೇವೆ. ಅದು 2006ರಿಂದ 2018ರವರೆಗಿನ ಜಾಗತಿಕ ಸರಾಸರಿ, ಸುಳ್ಳಲ್ಲ. ಆದರೆ ಆಳೆತ್ತರದ ಅಲೆ ನೋಡಿ ಬೆಳೆದ ಮೀನುಗಾರನಿಗೆ ಅದು ಯಾವ ಲೆಕ್ಕ, ಅಲ್ವಾ? ನನ್ನನ್ನು ಕೇಳಿದರೆ ಪಾಠ ಬಾವಿಯಿಂದ ಶುರುವಾಗಬೇಕು.

ಕಡಲ ತೀರದ ಮರಳಿನಡಿ ಉಪ್ಪು ನೀರು ಇರುತ್ತದೆ. ಮಳೆಯಿಂದ ಇಂಗಿದ ಸಿಹಿ ನೀರು ಹಗುರ, ಹಾಗಾಗಿ ಅದರ ಮೇಲೆ ತೇಲುತ್ತದೆ. ತೂಕದ ವ್ಯತ್ಯಾಸ ನೂರಕ್ಕೆ ಎರಡೂವರೆಯಷ್ಟೇ. ಮಜಾ ಇರುವುದೇ ಅಲ್ಲಿ. ಅಂತರ್ಜಲ ಸಮುದ್ರ ಮಟ್ಟಕ್ಕಿಂತ 1 ಅಡಿ ಮೇಲಿದ್ದರೆ, ಸಮುದ್ರ ಮಟ್ಟದ ಕೆಳಗೆ ಸುಮಾರು 40 ಅಡಿವರೆಗೆ ಸಿಹಿ ನೀರು ಸಿಗುತ್ತದೆ. ಪಂಪ್ ಹಾಕಿ ಆ 1 ಅಡಿ ಇಳಿಸಿದಿರೋ, ಕೆಳಗಿನ ಉಪ್ಪು ನಿಧಾನಕ್ಕೆ 40 ಅಡಿ ಮೇಲೆ ಬರಲು ಹೊರಡುತ್ತದೆ. ತಗ್ಗು ಜಾಗದಲ್ಲಿ ಕಡಲು ಏರಿದರೂ ಇದೇ ಕಥೆ. 1901ರಿಂದ 2018ರೊಳಗೆ ಅದು ಏರಿದ್ದು ಸುಮಾರು 20 ಸೆಂಟಿಮೀಟರ್, ಅಂದರೆ 8 ಇಂಚು.

ನಮ್ಮ ಕಡೆ ಬೋರ್ ಬತ್ತಿದರೆ ಇನ್ನೂ ನೂರಡಿ ಕೊರೆಸುತ್ತೇವೆ. ಅಲ್ಲಿ ಆ ಬುದ್ಧಿ ನಡೆಯದು, ಆಳಕ್ಕೆ ಹೋದಷ್ಟೂ ಉಪ್ಪು ಹತ್ತಿರ. ಆದರೂ ಚಿತ್ರದುರ್ಗದವರಿಗೆ ಗೊತ್ತಿರುವ ಎರಡು ಸಂಗತಿ ಅಲ್ಲಿಗೂ ಹೊಂದುತ್ತವೆ. ಒಂದು, ಕುಡಿಯುವ ನೀರು ನೋಡಲು ಬಳಸುವ ಟಿಡಿಎಸ್ ಮೀಟರ್. ಪೆನ್ನಿನಷ್ಟು ಗಾತ್ರ, ನೀರಲ್ಲಿ ಅದ್ದಿದರೆ ಕರಗಿದ ಲವಣದ ಅಂದಾಜು ತೋರಿಸುತ್ತದೆ. ಶಾಲೆ ಮಕ್ಕಳು ವಾರಕ್ಕೊಮ್ಮೆ ಊರ ಬಾವಿಯ ಮಟ್ಟ, ಟಿಡಿಎಸ್ ಎರಡನ್ನೂ ಅಳೆದು ಪಂಚಾಯಿತಿ ಬೋರ್ಡಿನಲ್ಲಿ ಬರೆಯಲಿ. ಏಪ್ರಿಲ್‌ನಲ್ಲಿ ಅಂಕಿ ಏರತೊಡಗಿದಾಗ ಪಂಪ್ ಯಾವಾಗ ನಿಲ್ಲಿಸಬೇಕು ಅಂತ ಊರೇ ಕೂತು ಮಾತಾಡುತ್ತದೆ.

ಇನ್ನೊಂದು ಇಂಗುಗುಂಡಿ. ಚಳ್ಳಕೆರೆಯಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ, ಕರಾವಳಿಯಲ್ಲಿ 3,000ಕ್ಕೂ ಜಾಸ್ತಿ. ಅಲ್ಲಿನ ಮಳೆ ಸುಮ್ನೆ ಹರಿದು ಕಡಲು ಸೇರುತ್ತದೆ. ಚಾವಣಿ ನೀರನ್ನಾದರೂ ಬಾವಿ ಪಕ್ಕ ಇಂಗಿಸಿದರೆ ಸಿಹಿ ನೀರಿನ ಪದರ ದಪ್ಪವಾಗುತ್ತದೆ.

ಬಾವಿ ಸರಿ, ಗದ್ದೆಗೆ ನುಗ್ಗುವ ಉಪ್ಪಿಗೇನು? ಅಘನಾಶಿನಿ ಹಿನ್ನೀರಿನ ಗಜನಿ ಗದ್ದೆಗಳಲ್ಲಿ, ಅಂದರೆ ಉಪ್ಪು ನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಕಗ್ಗ ಎಂಬ ಭತ್ತ ಮೊದಲಿನಿಂದಲೂ ಇದೆ. ಉಪ್ಪನ್ನೂ ತಾಳುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಬದುಕುತ್ತದೆ. ಇಳುವರಿ ಕಡಿಮೆ, ಸಿಗಡಿ ಸಾಕಿದರೆ ದುಡ್ಡು ಜಾಸ್ತಿ. ಹಾಗಾಗಿ ಬಿತ್ತುವವರು ಕಮ್ಮಿಯಾಗಿದ್ದಾರೆ. ಈ ತಳಿ ಉಳಿಸಿ ಅಂತ ಅವರಿಗೆ ಭಾಷಣ ಮಾಡುವ ಮೊದಲು ಕಗ್ಗದ ಅಕ್ಕಿಗೆ ಒಳ್ಳೆ ಬೆಲೆ ಕೊಡಿಸಬೇಕು.