ಕಾಯುವ ಮೌಂಟು, ಕೈಬಿಡುವ ಮೌಂಟು

‘ಎನ್‌ಎಫ್‌ಎಸ್ ಮೌಂಟ್ ಮಾಡುವಾಗ ಸುಮ್ನೆ ಸಾಫ್ಟ್ ಅಂತ ಹಾಕಿಬಿಡಿ, ಹ್ಯಾಂಗ್ ಆಗಲ್ಲ.’ ಈ ಸಲಹೆ ಬಾಯಿಂದ ಬಾಯಿಗೆ ಹೋಗುತ್ತಲೇ ಇದೆ. ಕೇಳಿದಾಗಲೆಲ್ಲ ನನಗೆ ಕಳವಳವಾಗುತ್ತದೆ. ಎನ್‌ಎಫ್‌ಎಸ್ ಅಂದರೆ ಬೇರೊಂದು ಯಂತ್ರದ (ಸರ್ವರ್) ಫೋಲ್ಡರನ್ನು ನೆಟ್‌ವರ್ಕ್ ಮೂಲಕ ನಮ್ಮ ಯಂತ್ರದಲ್ಲೇ (ಕ್ಲೈಂಟ್) ಇರುವಂತೆ ಬಳಸುವ ವ್ಯವಸ್ಥೆ. ಹಾಗೆ ಜೋಡಿಸಿಕೊಳ್ಳುವುದೇ ಮೌಂಟ್. ಸರ್ವರ್ ಉತ್ತರಿಸದಿದ್ದಾಗ ಏನು ಮಾಡಬೇಕೆಂದು ಹೇಳುವ ಆಯ್ಕೆಗಳು ‘ಹಾರ್ಡ್’ ಮತ್ತು ‘ಸಾಫ್ಟ್’.

ಸಲಹೆ ಹುಟ್ಟುವುದು ಹೀಗೆ. ಮೌಂಟ್ ಆದ ಫೋಲ್ಡರಿನಲ್ಲಿ ಫೈಲ್‌ಗಳ ಪಟ್ಟಿ ನೋಡಲು ‘ಎಲ್‌ಎಸ್’ ಎಂದು ಟೈಪ್ ಮಾಡುತ್ತೀರಿ. ಕರ್ಸರ್ ಕೆಳಗಿನ ಸಾಲಿಗೆ ಇಳಿದು ಅಲ್ಲೇ ಕೂರುತ್ತದೆ. ಕಂಟ್ರೋಲ್-ಸಿ ಒತ್ತಿದರೂ ಜಪ್ಪಯ್ಯ ಅನ್ನುವುದಿಲ್ಲ. ಇನ್ನೊಂದು ಟರ್ಮಿನಲ್‌ನಲ್ಲಿ ಓಡುತ್ತಿರುವ ಪ್ರೋಗ್ರಾಮ್‌ಗಳನ್ನು (ಪ್ರೋಸೆಸ್) ತೋರಿಸುವ ‘ಪಿಎಸ್’ ಓಡಿಸಿದರೆ ಆ ಪ್ರೋಸೆಸ್ ಎದುರು ‘ಡಿ’ ಎಂಬ ಅಕ್ಷರ, ಅಂದರೆ ಕಾಯುತ್ತಾ ಸಿಕ್ಕಿಬಿದ್ದಿದೆ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಲಾಗ್‌ನಲ್ಲಿ ‘ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್’: ಸರ್ವರ್ ಉತ್ತರಿಸುತ್ತಿಲ್ಲ, ಇನ್ನೂ ಯತ್ನಿಸುತ್ತಿದ್ದೇನೆ. ಯಾರಿಗಾದರೂ ಸಿಟ್ಟು ಬರುತ್ತದೆ. ಆದರೆ ಆ ‘ಸ್ಟಿಲ್ ಟ್ರೈಯಿಂಗ್’ ಎಷ್ಟು ಚೆಂದದ ಮಾತು ಗೊತ್ತಾ?

1984ರ ಸುಮಾರಿಗೆ ಸನ್ ಮೈಕ್ರೋಸಿಸ್ಟಮ್ಸ್ ಎನ್‌ಎಫ್‌ಎಸ್ ಕಟ್ಟಿದಾಗ ಎಂಜಿನಿಯರುಗಳಿಗೆ ಒಂದು ಹಟವಿತ್ತು. ಸರ್ವರ್ ಬಿದ್ದು ಎದ್ದರೆ ಕ್ಲೈಂಟ್‌ಗೆ ಅದು ತಡವಾದಂತೆ ಮಾತ್ರ ಕಾಣಬೇಕು. ಅದಕ್ಕೆ ಸರ್ವರ್ ಏನನ್ನೂ ನೆನಪಿಡದಂತೆ ಮಾಡಿದರು. ಯಾರು ಯಾವ ಫೈಲ್ ತೆರೆದಿದ್ದಾರೆ, ಎಲ್ಲಿಯವರೆಗೆ ಓದಿದ್ದಾರೆ, ಒಂದೂ ಅದಕ್ಕೆ ತಿಳಿಯದು. ಪ್ರತಿ ಕೋರಿಕೆಯೂ ಪೂರ್ತಿ ವಿಳಾಸ ಬರೆದ ಕಾಗದದ ಹಾಗೆ: ‘ಈ ಫೈಲಿನಲ್ಲಿ 8192ನೇ ಬೈಟ್‌ನಿಂದ ಈ 4096 ಬೈಟ್ ಬರೆ.’ ಇದನ್ನು ಹತ್ತು ಸಲ ಕಳಿಸಿದರೂ ಫಲ ಒಂದೇ. ನೋಟ್‌ಬುಕ್ಕಿನ ‘14ನೇ ಪುಟದ 3ನೇ ಸಾಲಿನಲ್ಲಿ ಹೀಗೆ ಬರೆ’ ಅಂದರೆ ಎರಡನೇ ಸಲ ಬರೆದರೂ ಏನೂ ಕೆಡದು. ‘ಮುಂದಿನ ಸಾಲಿನಲ್ಲಿ ಬರೆ’ ಅಂದಿದ್ದರೆ ಕೆಡುತ್ತಿತ್ತು. ಕೋಣೆಯ ದೀಪಕ್ಕೂ ಅಷ್ಟೇ: ‘ದೀಪ ಉರಿಯುತ್ತಿರಲಿ’ ಎಂದು ಎಷ್ಟು ಸಲ ಹೇಳಿದರೂ ಉರಿಯುತ್ತದೆ. ‘ಸ್ವಿಚ್ ಒತ್ತು’ ಎಂದು ಎರಡು ಸಲ ಹೇಳಿದರೆ ಆರಿಹೋಗುತ್ತದೆ.

ಎಲ್ಲ ಕೋರಿಕೆಗಳೂ ಇಷ್ಟು ಸಾಧುವಲ್ಲ. ಫೈಲ್ ಅಳಿಸಿ ಆದಮೇಲೆ ಅದೇ ಕೋರಿಕೆ ಮತ್ತೆ ಬಂದರೆ ‘ಅಂಥ ಫೈಲೇ ಇಲ್ಲ’ ಎಂಬ ತಪ್ಪು ಉತ್ತರ ಹೋಗಬಹುದು. ಹಾಗಾಗಿ ಇತ್ತೀಚಿನ ಉತ್ತರಗಳನ್ನು ಒಂದಿಷ್ಟು ಕಾಲ ಜೋಪಾನ ಮಾಡುವ ಕ್ಯಾಶ್ ಸರ್ವರ್‌ಗೆ ಸೇರಿತು. ಮುಂದೆ ನಾಲ್ಕನೇ ಆವೃತ್ತಿಯಲ್ಲಿ ಸರ್ವರ್‌ಗೆ ನೆನಪೂ ಬಂತು. ಬಿದ್ದೆದ್ದ ಸರ್ವರ್ ಮೊದಲು ಹಳೆಯ ಕ್ಲೈಂಟ್‌ಗಳು ತಮ್ಮ ಲಾಕ್ (ಫೈಲ್ ಮೇಲೆ ಹಿಡಿದಿದ್ದ ಹಕ್ಕು) ಮರಳಿ ಪಡೆಯಲಿ ಎಂದು ಕಾಯುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 90 ಸೆಕೆಂಡ್.

‘ಹಾರ್ಡ್’ ಮೌಂಟ್ ನಿಂತಿರುವುದೇ, ಮತ್ತೆ ಮತ್ತೆ ಕೇಳಿದರೂ ಏನೂ ಕೆಡದು ಎಂಬ ಈ ನಂಬಿಕೆಯ ಮೇಲೆ. ಉತ್ತರ ಬರುವವರೆಗೆ ಕೇಳುತ್ತಲೇ ಇರುತ್ತದೆ. ‘ಸಾಫ್ಟ್’ ಒಂದಷ್ಟು ಸಲ ಕೇಳಿ ಕೈಬಿಡುತ್ತದೆ, ಪ್ರೋಗ್ರಾಮ್‌ಗೆ ಎರರ್ ಕೊಡುತ್ತದೆ. ಕೊಟ್ಟರೆ ಒಳ್ಳೇದೇ ಅಲ್ವಾ? ತೊಂದರೆ ಇರುವುದೇ ಇಲ್ಲಿ. ಪ್ರೋಗ್ರಾಮ್ ‘ಬರೆ’ ಅಂದ ಡೇಟಾ ಮೊದಲು ನಿಮ್ಮದೇ ಯಂತ್ರದ ಮೆಮೊರಿಯಲ್ಲಿ ಕೂರುತ್ತದೆ. ‘ಆಯ್ತು’ ಎಂಬ ಉತ್ತರ ಆಗಲೇ ಸಿಕ್ಕಿರುತ್ತದೆ. ಸರ್ವರ್‌ಗೆ ಹೋಗುವುದು ಆಮೇಲೆ. ಆಗ ಎರರ್ ಬಂದರೆ ಫೈಲ್ ಮುಚ್ಚುವಾಗಲೋ, ಬರೆದದ್ದನ್ನು ಈಗಲೇ ಉಳಿಸು ಎನ್ನುವ ‘ಎಫ್‌ಸಿಂಕ್’ ಕರೆದಾಗಲೋ ತಿಳಿಯುತ್ತದೆ. ಮುಚ್ಚುವಾಗ ಎರರ್ ಬಂತಾ ಎಂದು ನೋಡುವ ಪ್ರೋಗ್ರಾಮ್‌ಗಳು ಕಡಿಮೆ. ಫೈಲಿನ ನಡುವೆ ತೂತು, ಯಾರಿಗೂ ಸುದ್ದಿಯಿಲ್ಲ.

ಸಾಫ್ಟ್ ಬೇಕೇ ಬೇಕು ಅನ್ನುವವರು, ಉತ್ತರಕ್ಕೆ ಎಷ್ಟು ಹೊತ್ತು ಕಾದು ಮತ್ತೆ ಕೇಳಬೇಕೆಂದು ಹೇಳುವ ‘ಟೈಮಿಯೋ’ ಆಯ್ಕೆಯನ್ನಾದರೂ ಸರಿಯಾಗಿ ಓದಿಕೊಳ್ಳಬೇಕು. ಅದರ ಅಳತೆ ಸೆಕೆಂಡಿನ ಹತ್ತನೇ ಒಂದು ಭಾಗ. 30 ಎಂದು ಬರೆದು ಅರ್ಧ ನಿಮಿಷ ಅಂದುಕೊಂಡವರಿಗೆ ಸಿಗುವುದು 3 ಸೆಕೆಂಡ್. ಟಿಸಿಪಿ ಎಂಬ ನೆಟ್‌ವರ್ಕ್ ಸಂಪರ್ಕದ ಮೇಲೆ ಲಿನಕ್ಸ್ ತಾನಾಗಿ ಇಟ್ಟುಕೊಳ್ಳುವುದು 600, ಅಂದರೆ 60 ಸೆಕೆಂಡ್. ಓದಲಿಕ್ಕಷ್ಟೇ ಇರುವ ಫೋಲ್ಡರ್‌ಗೆ ‘ಆರ್‌ಒ’ (ರೀಡ್ ಓನ್ಲಿ) ಜೊತೆ ಸಾಫ್ಟ್ ಹಾಕಿದರೆ ನನ್ನ ತಕರಾರಿಲ್ಲ.

ಮೌಂಟ್‌ಗಳ ಪಟ್ಟಿ ಬರೆದಿಡುವ ಫೈಲ್ ಆದ ಹಳೆಯ ಎಫ್‌ಸ್ಟ್ಯಾಬ್‌ಗಳಲ್ಲಿ ‘ಇಂಟರ್’ ಅನ್ನೋ ಆಯ್ಕೆ ಇನ್ನೂ ಕಾಣುತ್ತದೆ. ಸಿಕ್ಕಿಬಿದ್ದ ಪ್ರೋಸೆಸ್ ಬಿಡಿಸಲು ಅಂತ ಅದನ್ನು ನಕಲು ಮಾಡುತ್ತಲೇ ಇದ್ದಾರೆ. ಕರ್ನಲ್ 2.6.25ರಿಂದ ಅದಕ್ಕೆ ಯಾವ ಅರ್ಥವೂ ಇಲ್ಲ. ಆ ‘ಡಿ’ ಪ್ರೋಸೆಸ್‌ಗೆ ಬಲವಂತವಾಗಿ ನಿಲ್ಲಿಸುವ ‘ಕಿಲ್ -9’ ಕೊಡಿ, ಹಾರ್ಡ್ ಮೌಂಟ್ ಮೇಲೂ ಅದು ಬಿಟ್ಟುಕೊಡುತ್ತದೆ.